ಆರೂಕಾಲು, ಆರೂವರೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಉಸಿರಕ್ಕ ಎಂದೇ. ಇಪ್ಪತ್ತಾರು ವರ್ಷಗಳಿಂದ ಗಾಜಿನ ಈಚೆ ಕೂತು, ಎಂಆರ್‌ಐ ಯಂತ್ರದ ಸುರಂಗದಲ್ಲಿ ಮಲಗಿದವರಿಗೆ ಮೈಕಿನಲ್ಲಿ ‘ಎಳ್ಕೊಳ್ಳಿ, ಬಿಡಿ, ಹಿಡ್ಕೊಳ್ಳಿ’ ಎನ್ನುತ್ತ ಬಂದವಳು. ಎಂಥೆಂಥ ಅಧಿಕಾರಿಗಳೂ ಅಲ್ಲಿ ಅವಳ ಅಪ್ಪಣೆಯಿಲ್ಲದೆ ಉಸಿರಾಡಿದ್ದಿಲ್ಲ. ಇವತ್ತು ಮಾತು ಕೇಳದೆ ಮಲಗಿದ್ದವನು ಅವಳ ಸ್ವಂತ ತಮ್ಮ.

ಅವನ ಹೃದಯದ ಮುಂದಿನ ಗೋಡೆಗೆ ಹೋಗುವ ರಕ್ತನಾಳ ಕಿರಿದಾಗಿತ್ತು. ಆಪರೇಷನ್ ಬೇಕೋ, ಮಾತ್ರೆ ಸಾಕೋ? ಆಮ್ಲಜನಕ ಕಳೆದುಕೊಂಡ ರಕ್ತ ಪುಟ್ಟ ಅಯಸ್ಕಾಂತದಂತೆ. ಅದರ ನೆರೆಯಲ್ಲಿ ಯಂತ್ರಕ್ಕೆ ಸಿಗುವ ಸಂಕೇತ ಬೇಗ ಆರಿಹೋಗಿ ಸ್ನಾಯು ಕಪ್ಪಗೆ ಕಾಣುತ್ತದೆ. ಆಮ್ಲಜನಕ ತುಂಬಿದ ರಕ್ತ ಬಂದರೆ ಸಂಕೇತ ಇನ್ನಷ್ಟು ಹೊತ್ತು ಬಾಳಿ ಸ್ನಾಯು ಬೆಳ್ಳಗಾಗುತ್ತದೆ. ಒಂದು ನಿಮಿಷ ಜೋರಾಗಿ ಉಸಿರಾಡಿ, ಆಮೇಲೆ ಉಸಿರು ಕಟ್ಟಿದರೆ ನಾಳಗಳು ಹಿಗ್ಗಿ ಆ ರಕ್ತವನ್ನು ಧಾರಾಳವಾಗಿ ಬಿಡುತ್ತವೆ; ಆ ಕಿರಿದಾದ ನಾಳವೂ ಬಿಟ್ಟರೆ ಮಾತ್ರೆ ಸಾಕು. ಆದರೆ ನಲವತ್ತು ಸೆಕೆಂಡಾದರೂ ಕಟ್ಟಬೇಕು. ತಮ್ಮ ಎರಡು ಸಲವೂ ಹದಿನೈದಕ್ಕೇ ಕೈಚೆಲ್ಲಿದ್ದ.

“ಇನ್ನೊಂದೇ ಸಲ ನೋಡೋಣ ಮೇಡಂ,” ಎಂದರು ಪಕ್ಕದಲ್ಲಿದ್ದ ಡಾಕ್ಟರು. “ಆಗ್ಲಿಲ್ಲ ಅಂದ್ರೆ ರಕ್ತನಾಳದೊಳಗೆ ನಳಿಗೆ ಬಿಟ್ಟೇ ನೋಡ್ಬೇಕು.”

ಅವಳು ಮೈಕಿಗೆ ಬಾಗಿದಳು. “ಏನೋ, ಹಿತ್ತಲ ತೊಟ್ಟೀಲಿ ಮುಖ ಮುಳುಗಿಸ್ಕೊಂಡು ಗಂಟೆಗಟ್ಟಲೆ ಇರ್ತಿದ್ದೋನು ನೀನೇ ಅಲ್ವೇನೋ?”

“ಎಣಿಸ್ತಿದ್ದೋಳು ನೀನಲ್ವಾ! ಮೋಸಗಾತಿ!” ಎಂದಿತು ಸುರಂಗ. ಡಾಕ್ಟರು ತಮ್ಮ ಬೂಟನ್ನು ಶ್ರದ್ಧೆಯಿಂದ ಪರಿಶೀಲಿಸಿದರು.

ಸುಳ್ಳೇನಲ್ಲ. ಇಪ್ಪತ್ತು ಎಣಿಸುವವರೆಗೆ ನೀರಲ್ಲಿ ಮುಖವಿಟ್ಟವರಿಗೆ ಕಿಟಕಿ ಪಕ್ಕದ ಮಂಚ ಎಂದು ಕರಾರು. ಅವಳ ಸರದಿಯಲ್ಲಿ ತಮ್ಮ ಪ್ರಾಮಾಣಿಕವಾಗಿ ಎಣಿಸುತ್ತಿದ್ದ. ಅವನ ಸರದಿಯಲ್ಲಿ ಇವಳು ಪಾಚಿ ಹಿಡಿದ ಅಂಚಿನ ಮೇಲೆ ಕೂತು, ಕಾಲಾಡಿಸುತ್ತ, ಆರು, ಆರೂಕಾಲು, ಆರೂವರೆ, ಆರೂಮುಕ್ಕಾಲು. ಅವನು ಕೆಂಪಗಾಗಿ ಎದ್ದು ಕೆಮ್ಮುತ್ತ, “ಇನ್ನೊಂದ್ಸಲ ಅಕ್ಕಾ” ಅನ್ನುತ್ತಿದ್ದ. ಬಾಲ್ಯವಿಡೀ ಕಿಟಕಿಯ ಗಾಳಿ ಅವಳದೇ.

“ಇಪ್ಪತ್ತು ಎಣಿಸ್ತೀನಿ ಕಣೋ, ಅಷ್ಟೇ. ಜೋರಾಗಿ ಉಸಿರಾಡು.” ನಿಮಿಷ ಕಳೆಯಿತು. “ಹಿಡ್ಕೋ. ಒಂದು. ಎರಡು...”

ಆರರವರೆಗೆ ನೆಟ್ಟಗೆ ಹೋದಳು. “ಆರೂಕಾಲು.”

ಪರದೆಯ ಮೇಲೆ ಅವನ ಹೊಟ್ಟೆ ಒಮ್ಮೆ ಅದುರಿತು. ನಕ್ಕರೆ ಕೆಟ್ಟಿತು. ಅವಳ ಉಸಿರೇ ನಿಂತಿತು. ಆಮೇಲೆ ಹೊಟ್ಟೆ ಸ್ಥಿರವಾಯಿತು, ಹಟ ಹಿಡಿದ ಏಳು ವರ್ಷದವನ ಹಾಗೆ.

“ಆರೂವರೆ. ಆರೂಮುಕ್ಕಾಲು. ಏಳು...”

ಹದಿನಾಲ್ಕೂವರೆಗೆ ಗಡಿಯಾರದಲ್ಲಿ ನಲವತ್ತಾಯಿತು. “ಬಿಡೋ, ಸಾಕು,” ಎಂದಳು. ಅಷ್ಟು ಬೇಗ ಅವನನ್ನು ಬಿಟ್ಟದ್ದು ಅದೇ ಮೊದಲು.

ಚಿತ್ರಗಳು ಒಂದೊಂದಾಗಿ ಬಂದವು. ಸುತ್ತಲಿನ ಸ್ನಾಯುವೆಲ್ಲ ಬೆಳ್ಳಗಾದ ಮೇಲೆ, ಆ ಮುಂದಿನ ಗೋಡೆಯೂ ಕರೆಯದೆ ಬಂದ ನೆಂಟನಂತೆ ಹಿಂಜರಿಯುತ್ತ ಬೆಳ್ಳಗಾಯಿತು.

“ತಡವಾಗಿ ಬಂತು, ಆದ್ರೆ ಬಂತು,” ಎಂದರು ಡಾಕ್ಟರು. “ಸದ್ಯಕ್ಕೆ ಮಾತ್ರೆ ಸಾಕು. ಇವತ್ತೊಂದು ದಿನ ವಾರ್ಡಲ್ಲಿರ್ಲಿ.”

ಹೊರಗೆಳೆದಾಗ ತಮ್ಮ ಕೇಳಿದ ಮೊದಲ ಮಾತು, “ಗೆದ್ನಾ?”

“ಗೆದ್ದೆ.”

“ಮತ್ತೆ ಮಂಚ?”

ಅವಳು ವಾರ್ಡಿಗೆ ಫೋನು ಮಾಡಿದಳು. “ಸಿಸ್ಟರ್, ಕಿಟಕಿ ಪಕ್ಕದ ಬೆಡ್ ಒಂದು ಬೇಕಿತ್ತು. ಇಲ್ಲ ಅನ್ಬೇಡಿ ಮಾರಾಯ್ತಿ, ನಲವತ್ತೈದು ವರ್ಷದಿಂದ ಕಾಯ್ತಿದಾನೆ.”