ದೊಡ್ಡಮ್ಮನ ಕೈಮಾತು

ವೈರ್‌ಮನ್‌ನ ಅಮ್ಮನಿಗೂ ದೊಡ್ಡಮ್ಮನಿಗೂ ಹುಟ್ಟಿನಿಂದಲೇ ಕಿವಿ ಕೇಳದು. ಇಬ್ಬರೂ ಶಾಲೆಯ ಮುಖ ಕಂಡವರಲ್ಲ. ಚಿಕ್ಕಂದಿನಲ್ಲೇ ಅಕ್ಕತಂಗಿ ಸೇರಿ ತಮ್ಮಷ್ಟಕ್ಕೆ ಒಂದು ಕೈಮಾತು ಕಟ್ಟಿಕೊಂಡಿದ್ದರು. ಊಟ, ನಿದ್ದೆ, ಬೈಗುಳ ಇಷ್ಟು ಅವನಿಗೂ ಬರುತ್ತಿತ್ತು. ಅವರಿಬ್ಬರೂ ಹರಟೆಗೆ ಕೂತರೆ ಮಾತ್ರ ಪಿಳಿಪಿಳಿ ನೋಡುವುದೇ ಅವನ ಪಾಡು. ನಡುವೆ ಇಬ್ಬರೂ ಅವನತ್ತ ತಿರುಗಿ ನಕ್ಕರೆ, ಸುದ್ದಿ ತನ್ನದೇ ಎಂದು ಎದ್ದು ಹೋಗುತ್ತಿದ್ದ.

ದೊಡ್ಡಮ್ಮ ದೂರದ ಊರಿನಲ್ಲಿ ಆಸ್ಪತ್ರೆ ಸೇರಿದಳು. ಇತ್ತ ಅಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು, ಅಲುಗಾಡಿಸುವಂತಿರಲಿಲ್ಲ. ವಿಡಿಯೋದಲ್ಲಾದರೂ ಮುಖ ನೋಡಲಿ ಎಂದರೆ, ಅವರ ಮನೆ ಇದ್ದದ್ದು ಮೆಟ್ಟಿಲುಗಲ್ಲಿಯ ತಳದಲ್ಲಿ. ಮೊಬೈಲ್ ಸಿಗ್ನಲ್ ಅಲ್ಲಿಗೆ ಇಳಿಯುತ್ತಲೇ ಇರಲಿಲ್ಲ. ಇಂಟರ್‌ನೆಟ್ ಇದ್ದದ್ದು ಮೇಲಿನ ರಸ್ತೆಯ ಬೇಕರಿಯಲ್ಲಿ ಮಾತ್ರ. ಕೇಬಲ್ ಎಳೆಯೋಣವೆಂದರೆ ನಡುವಿನ ಮನೆಯವರು ಗೋಡೆ ಮುಟ್ಟಲು ಬಿಡಲಿಲ್ಲ.

ಬೇಕರಿಯವನು ಒಳ್ಳೆಯವನು, ಕೇಳಿದ ಕೂಡಲೇ ಪಾಸ್‌ವರ್ಡ್ ಕೊಟ್ಟ. ವೈರ್‌ಮನ್ ವೈಫೈಯನ್ನು ಮುಂದಕ್ಕೆ ದಾಟಿಸುವ ಒಂದು ರಿಪೀಟರನ್ನು ಬೇಕರಿಯ ಹಿಂಬಾಗಿಲ ಮೇಲೆ, ಇನ್ನೊಂದನ್ನು ಗಲ್ಲಿಯ ನಡುವಿನ ಟೈಲರ್ ಅಂಗಡಿಯ ಕಿಟಕಿಯಲ್ಲಿ, ಕೊನೆಯದನ್ನು ಅಮ್ಮನ ತಲೆದೆಸೆಯಲ್ಲಿ ಕೂರಿಸಿದ. ಫೋನಿನಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ನಿಂತವು. ಅದು ಪಕ್ಕದ ರಿಪೀಟರಿನ ಬಲ ಅಷ್ಟೇ ಎಂಬುದು ಅವನಿಗೆ ಗೊತ್ತಿತ್ತು. ಒಂದರಿಂದ ಇನ್ನೊಂದಕ್ಕೆ ದಾಟಿ ಬರುವಷ್ಟರಲ್ಲಿ ನೆಟ್ ಸೊರಗಿಹೋಗುತ್ತಿತ್ತು. ಮಾತಿಗೆ ಸಾಕಿತ್ತು. ಕೈಗಳಿಗೆ ಸಾಲುತ್ತಿರಲಿಲ್ಲ. ದೊಡ್ಡಮ್ಮನ ಬೆರಳುಗಳು ಚೌಕ ಚೌಕವಾಗಿ ಒಡೆದುಹೋಗುತ್ತಿದ್ದವು. ಆದರೂ ಅಮ್ಮ ಅರ್ಧಂಬರ್ಧ ಹಿಡಿದು, ಉಳಿದದ್ದನ್ನು ತಾನೇ ತುಂಬಿಕೊಂಡು ಖುಷಿಪಡುತ್ತಿದ್ದಳು.

ಒಂದು ಮಧ್ಯಾಹ್ನ ದೊಡ್ಡಮ್ಮನ ಮಗಳೇ ಕರೆಮಾಡಿದಳು. ಅವಳಿಗೂ ಕೈಮಾತು ಬರುತ್ತಿದ್ದದ್ದು ಇವನಷ್ಟೇ. ತೆರೆಯ ಮೇಲೆ ದಿಂಬು, ದಿಂಬಿನ ಮೇಲೆ ಸೊರಗಿದ ಮುಖ, ಎದೆಯ ಹತ್ತಿರ ಎತ್ತಿದ ಒಂದು ಕೈ. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ದನಿ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

"ಅಮ್ಮ ಏನೋ ಹೇಳ್ತಿದಾಳೆ ಕಣೋ. ಚಿಕ್ಕಮ್ಮ ನೋಡಿದ್ಲಾ?"

"ಇಲ್ಲ ಅಕ್ಕ, ಚಿತ್ರ ನಿಂತುಹೋಗಿದೆ. ಇನ್ನೊಂದ್ಸಲ ಹೇಳೋಕೆ ಹೇಳು."

"ಹೆಂಗೋ ಹೇಳ್ಲಿ ನಾನು?"

ಅವನು ಫೋನನ್ನು ಅಮ್ಮನ ಕೈಗಿಟ್ಟು ಓಡಿದ. ಟೈಲರ್ ಕಿಟಕಿಯ ರಿಪೀಟರನ್ನು ಆರಿಸಿ ಹಚ್ಚಿದ. ಏದುಸಿರು ಬಿಡುತ್ತ ಬೇಕರಿಗೆ ಹತ್ತಿದರೆ ಅಲ್ಲಿ ಮೇಜು ಮೇಜಿಗೂ ಜನ, ಎಲ್ಲರ ಕೈಯಲ್ಲೂ ಫೋನು. ವಿಷಯ ಕೇಳಿದ್ದೇ ಬೇಕರಿಯವನು ಎಲ್ಲರ ನೆಟ್ ಬಿಡಿಸಿದ. ಒಬ್ಬರೂ ಗೊಣಗಲಿಲ್ಲ.

ಅವನು ಕೆಳಗಿಳಿದು ಬಂದಾಗ ಚಿತ್ರ ನೀರಿನಷ್ಟು ತಿಳಿಯಾಗಿ ಬರುತ್ತಿತ್ತು. ದೊಡ್ಡಮ್ಮನ ಕೈ ಹೊದಿಕೆಯ ಮೇಲೆ ಬಿದ್ದಿತ್ತು, ಕಣ್ಣು ಮುಚ್ಚಿತ್ತು. ಅಮ್ಮ ಒಂದೇ ಸಮ ಕೈಯಾಡಿಸುತ್ತಿದ್ದಳು. ಆ ಕಡೆ ನೋಡುವವರಿರಲಿಲ್ಲ.

ಮರುದಿನ ದೊಡ್ಡಮ್ಮ ತೀರಿಕೊಂಡಳು. ಎಲ್ಲ ಮುಗಿದ ಮೇಲೆ ಅವಳ ಮಗಳು, ತಾನು ಕಂಡ ಕೈಮಾತನ್ನು ನೆನಪಿದ್ದಷ್ಟು ತಾನೇ ಮಾಡಿ ತೋರಿಸಿ ವಿಡಿಯೋ ಕಳಿಸಿದಳು: ಎದೆ ಮುಟ್ಟಿದ ಹೆಬ್ಬೆರಳು, ಆಮೇಲೆ ಗಲ್ಲದ ಕಡೆಗೆ ತಿರುಗಿದ ಎರಡು ಬೆರಳು. ವಿಡಿಯೋ ಎಲ್ಲೂ ತಡವರಿಸದೆ ಇಳಿಯಿತು. ಅಮ್ಮ ನೋಡಿದಳು, ಮತ್ತೆ ನೋಡಿದಳು, ಇಲ್ಲವೆಂದು ತಲೆಯಾಡಿಸಿದಳು. ಅದು ಮಾತೇ ಅಲ್ಲ.

ಬಳಿಕ ತಾನೇ ಶುರುಮಾಡಿದಳು. ಹೆಬ್ಬೆರಳನ್ನು ತುಸು ಕೆಳಗಿಟ್ಟು ಎರಡು ಬೆರಳನ್ನು ಹಣೆಗೊಯ್ದು, ಹೀಗಾ ಎಂದು ಮಗನ ಮುಖ ನೋಡಿದಳು. ಆಮೇಲೆ ಬೆರಳನ್ನು ಕಿವಿಯ ಹಿಂದೆ ಸರಿಸಿ, ಹೀಗಾ? ಒಂದಕ್ಕಾದರೂ ಹೂಂ ಅಂದುಬಿಡೋಣ, ಜೀವಕ್ಕೆ ಸಮಾಧಾನವಾಗಲಿ ಎನಿಸಿತು ಅವನಿಗೆ. ಆದರೆ ಯಾವುದು ಹಾರೈಕೆ, ಯಾವುದು ದೂರು, ಯಾವುದು ಬರೀ ಬಾಯಾರಿಕೆ ಎಂದು ಅವನಿಗೇನು ಗೊತ್ತು? ಅವಳ ಕಾಲ ಬಳಿ ಕೂತ. ಅವಳು ಇನ್ನೊಂದು ಬಗೆಯಲ್ಲಿ ಕೈಯೆತ್ತಿದಳು.