ಕೂಗದ ಪಟ್ಟಿ

ರಸ್ತೆಗೆ ಟಾರು ಹಾಕುವ ನಮ್ಮ ಗುಂಪಿನಲ್ಲಿ ನಾನು ರೋಲರ್ ಓಡಿಸುವವನು. ಭಾವ ಟಾರು ಬೆರೆಸಿದ ಬಿಸಿ ಜಲ್ಲಿ ಹರಡುತ್ತಾರೆ, ಅಕ್ಕ ಅವರ ಹಿಂದೆಯೇ ಎಳೆದು ಮಟ್ಟ ಮಾಡುತ್ತಾಳೆ. ಬೇಸಿಗೆ ಶುರುವಾದಾಗ ಕಂಪನಿಯವರು ಎಲ್ಲರ ಮಣಿಕಟ್ಟಿಗೂ ಒಂದೊಂದು ಪಟ್ಟಿ ಕೊಟ್ಟರು. ಮೈ ಮಿತಿಮೀರಿ ಕಾದರೆ ಅದು ಕೀ ಎಂದು ಕೂಗುತ್ತದೆ. ಆಗ ನೆರಳಿಗೆ ಹೋಗಿ ನೀರು ಕುಡಿಯಬೇಕು. "ಟೈಮೂ ತೋರಿಸದ ವಾಚು" ಎಂದು ನಾನು ನಕ್ಕಿದ್ದೆ. ನನ್ನ ಬಾಯಿಗೆ ಬೀಗವಿಲ್ಲ, ಏನು ಮಾಡುವುದು.

ಆ ಮಧ್ಯಾಹ್ನ ಒಬ್ಬೊಬ್ಬರ ಪಟ್ಟಿಯೂ ಕೂಗತೊಡಗಿತು. ಭಾವನದು ಮಾತ್ರ ಗಪ್‌ಚುಪ್.

"ಗಟ್ಟಿ ಪಿಂಡ ಕಣ್ರೋ ನಾನು!" ಎಂದು ಅವರು ಮತ್ತೆ ಸಲಿಕೆ ಎತ್ತಿದರು. ಲಾರಿ ಸುರಿದ ರಾಶಿ ಆರುವ ಮೊದಲೇ ಹರಡಬೇಕು, ಇಲ್ಲದಿದ್ದರೆ ರಸ್ತೆ ಉಬ್ಬುತಗ್ಗಾಗುತ್ತದೆ. ತಾನು ಹಾಕಿದ ರಸ್ತೆಯಲ್ಲಿ ಒಂದೇ ಒಂದು ಉಬ್ಬಿಲ್ಲ ಎಂಬುದು ಭಾವನ ಹೆಮ್ಮೆ.

ನಾವು ನೆರಳಲ್ಲಿ ಕೂತು ಭಲೇ ಎನ್ನುತ್ತಿದ್ದೆವು. ಅಕ್ಕ ಮಾತ್ರ ಲೋಟ ಕೆಳಗಿಟ್ಟಳು. "ನಂದೇ ಕೂಗಿದೆ, ಇವರದ್ಯಾಕೆ ಕೂಗಲ್ಲ?" ಎಂದವಳೇ ಹೋಗಿ ಗಂಡನ ಕೈ ಹಿಡಿದಳು.

ಟಾರು ಸಿಡಿದು ಸುಡದಿರಲಿ ಎಂದು ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತುವುದು ನಮ್ಮ ರೂಢಿ. ಪಟ್ಟಿ ಕಟ್ಟಿ ಅದರ ಮೇಲೆ ಬಟ್ಟೆ ಸುತ್ತಿದ್ದೆವು ನಾವು. ಬೆವರಿಗೆ ತುರಿಸುತ್ತದೆಂದು ಭಾವ ಮೊದಲು ಬಟ್ಟೆ ಸುತ್ತಿ, ಅದರ ಮೇಲೆ ಪಟ್ಟಿ ಕಟ್ಟಿದ್ದರು. ಪಾಪ, ಪಟ್ಟಿಗೆ ಗೊತ್ತಾದದ್ದು ಬಟ್ಟೆಯ ತಂಪು ಮಾತ್ರ.

ಅಕ್ಕ ಬಟ್ಟೆ ಕಿತ್ತು ಪಟ್ಟಿಯನ್ನು ಬರಿ ಚರ್ಮಕ್ಕೆ ಒತ್ತಿದಳು. ಅದು ಕೂಗಿದ ಕೂಗಿಗೆ ನಾನು ಲೋಟ ಬಿಟ್ಟು ಓಡಿದೆ. ನೋಡಿದರೆ ಭಾವ ನಿಂತಲ್ಲೇ ತೂರಾಡುತ್ತಿದ್ದರು, ಮಾತು ತೊದಲುತ್ತಿತ್ತು.

"ರಾಶಿ ಆರೋಗುತ್ತೆ ಕಣೇ, ಬಿಡು!"

"ಆರ್ಲಿ. ರಸ್ತೇನ ಕಿತ್ತು ಮತ್ತೆ ಹಾಕ್ಬೋದು. ನಿಮ್ಮನ್ನ ಎಲ್ಲಿಂದ ತರ್ಲಿ?"

ನೆರಳಿಗೆ ಹೊತ್ತು ತಂದು, ಮೈಮೇಲೆ ನೀರು ಸುರಿದು, ಆಂಬ್ಯುಲೆನ್ಸ್ ಬರುವವರೆಗೂ ಗಾಳಿ ಬೀಸಿದೆವು. ಇನ್ನಷ್ಟು ತಡವಾಗಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು ಡಾಕ್ಟರು. ಆ ಪುಟ್ಟ ಪಟ್ಟಿಗೆ ಕೈ ಮುಗಿಯಲೋ, ಅದು ಸುಮ್ಮನಿದ್ದರೂ ಸುಮ್ಮನಿರದ ಅಕ್ಕನಿಗೆ ಮುಗಿಯಲೋ ನನಗೆ ತಿಳಿಯಲಿಲ್ಲ.

ಆರಿದ ರಾಶಿಯ ಮೇಲೆ ಎಷ್ಟು ರೋಲರ್ ಉರುಳಿಸಿದರೂ ಒಂದು ಸಣ್ಣ ಉಬ್ಬು ಉಳಿದೇಬಿಟ್ಟಿತು. ಮೊನ್ನೆ ಭಾವನ ಬೈಕು ಅಲ್ಲಿ ಎಗರಿದಾಗ ಹಿಂದೆ ಕೂತಿದ್ದ ನಾನು ರೇಗಿಸಿದೆ: "ಯಾರು ಭಾವ ಈ ಉಬ್ಬು ಬಿಟ್ಟವರು?"

"ನಿಮ್ಮಕ್ಕ ಕಣೋ," ಎಂದರು ಭಾವ, ಎದೆಯುಬ್ಬಿಸಿಕೊಂಡು.