ಪಾಲಾಗದ ಸಂಖ್ಯೆ

ತಿಳವಳ್ಳಿಯ ಸರೋಜವ್ವನ ಮನೆಯಲ್ಲಿ ರೊಟ್ಟಿ ಬಡಿದರೆ, ಗುಡುಗೆಂದು ಬಂಕಾಪುರದ ನವಿಲುಗಳು ಕುಣಿಯುತ್ತವೆ. ಅಷ್ಟು ದೊಡ್ಡ ಮನೆತನ. ಆಕೆಯ ಇಬ್ಬರು ಮಕ್ಕಳು ಆಸ್ತಿಯಲ್ಲಿ ಪಾಲು ಕೇಳಿದರು.

ಅದೇ ಹೊತ್ತಿಗೆ, ಗಣಿತ ಕಲಿಸುವ ಹಿರಿಸೊಸೆ ರಂಜನಾ ಮರುದಿನದ ಪಾಠಕ್ಕೆಂದು ಹಲಗೆಯ ಮೇಲೆ 73939133 ಎಂದು ಬರೆದು, "ಇದು ಅವಿಭಾಜ್ಯ ಐತ್ರಿ ಅತ್ತಿ" ಎಂದಳು. ಸರೋಜವ್ವನಿಗೆ ಅದು 'ಅವಿಭಕ್ತ' ಎಂದು ಕೇಳಿಸಿತು.

"ಹಂಗಾರ ಇದು ನಮ್ಮ ಮನಿ ನಂಬರ. ಇದನ್ನ ಶೇಷ ಉಳೀದಂಗ ಭಾಗ್ಸಿ ತೋರ್ಸ್ರಿ, ಪಾಲು ಕೊಡ್ತೇನಿ."

ಮಕ್ಕಳು ಮೂರು ದಿನ ಭಾಗಿಸಿದರು. ಏಳು ಕ್ಯಾಲ್ಕ್ಯುಲೇಟರ್ ಹೊಗೆಯಾಡಿದವು. ಸೋತು, ಬಲಗಡೆಯಿಂದ ಒಂದೊಂದೇ ಅಂಕಿ ಅಳಿಸುತ್ತ ಬಂದರು. ಎಂಥ ಗಟ್ಟಿ ಸಂಖ್ಯೆ ಅದು! ಬಾಲ ಕತ್ತರಿಸಿದಷ್ಟೂ ಪಾಲಾಗಲೊಲ್ಲದು. ಕೊನೆಗೆ ಹಲಗೆಯ ಮೇಲೆ ಏಳೊಂದೇ ಉಳಿಯಿತು.

"ಏಳೂ ಪಾಲಾಗೂದಿಲ್ಲಪ," ಎಂದಳು ಸರೋಜವ್ವ. "ಏಳ್ರಿ, ಇಬ್ರೂ ಒಂದ ಗಂಗಾಳದಾಗ ಉಣ್ರಿ."